ಸಾಲ ತೀರುವತನಕ ಸಿಹಿ ಬಿಟ್ಟವರು

ಪಕ್ಕದ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ಪಡಸಾಲೆಯಲ್ಲಿ ಕೂಡಿದ್ದರು. ಶಾಲನಳ ಮಗ ಯಶ ತನ್ನ ಕೈಗೆ ಬಂದ ಪೇಡೆಯನ್ನು ತಿರುಗಿ ತಾಟಿನಲ್ಲೇ ಇಟ್ಟುಬಿಟ್ಟ. ಹಂಚುತ್ತಿದ್ದ ಮುದುಕಿ, ಹುಡುಗ ನಾಚಿಕೊಂಡಿರಬೇಕೆಂದು, ಇನ್ನೊಂದು ಸೇರಿಸಿ ಕೊಡಹೋದಳು. ಹುಡುಗ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡ.

"ನಾವು ತಿನ್ನಂಗಿಲ್ರಿ. ನಮ್ಮ ಮನಿಮ್ಯಾಲೆ ಸಾಲ ಅದ."

ಅಷ್ಟಕ್ಕೇ ಬಿಟ್ಟಿದ್ದರೆ ಸಾಂಗ್ಲಿಯ ಆ ಓಣಿಯಲ್ಲಿ ಕನ್ನಡ ಬಲ್ಲ ನಾಲ್ಕು ಮಂದಿಗೆ ತಿಳಿದು ಮುಗಿಯುತ್ತಿತ್ತು. ಯಾರಿಗೂ ತಿಳಿಯದೆ ಉಳಿಯಬಾರದೆಂಬಂತೆ ಅವನು ಅದನ್ನೇ ಮರಾಠಿಯಲ್ಲೂ ಹೇಳಿದ. ಐದು ವರ್ಷದ ಹುಡುಗ, ಬಾಲವಾಡಿಯಲ್ಲಿ ಪಾಠ ಒಪ್ಪಿಸುವ ಹಾಗೆ ನೆಟ್ಟಗೆ ನಿಂತು ಹೇಳಿದ. ಪಡಸಾಲೆ ತುಂಬ ನಗೆ ಎದ್ದಿತು. ಕಂಬಕ್ಕೆ ಆತು ಕುಳಿತಿದ್ದ ಒಬ್ಬಾಕೆ, "ನಮ್ಮದು ಮನಿಮ್ಯಾಲೂ ಅದ, ಫ್ರಿಜ್ಜಿನಮ್ಯಾಲೂ ಅದ. ಅದಕ್ಕ ನಾ ಎರಡು ತಿಂತೇನಿ, ಈ ಕಡೆ ತಾ" ಎಂದು ಕೈ ಚಾಚಿದಳು. ಶಾಲನ ತನ್ನ ಮಗ್ಗುಲಲ್ಲಿ ಮಲಗಿದ್ದ ಕೈಗೂಸು, ಮಗಳು ಋತುಜಾಳನ್ನು ಎತ್ತಿಕೊಂಡು, ಒಲೆಯ ಮೇಲೆ ಹಾಲಿಟ್ಟು ಬಂದಿದ್ದೇನೆಂದು ಸುಳ್ಳು ಹೇಳಿ ಎದ್ದಳು. ಸಾಲದ ಮಾತು ಬಯಲಾದದ್ದಕ್ಕೆ ಅವಳಿಗೆ ನಾಚಿಕೆಯಾಯಿತು, ಖರೆ. ಆದರೆ ಅದಕ್ಕಿಂತ ಹೆಚ್ಚು ಗಾಬರಿಯಾದದ್ದು ಹುಡುಗನ ಮುಖ ಕಂಡು. ಆ ಮುಖದಲ್ಲಿ ಆಸೆಯ ಗೆರೆಯೂ ಇರಲಿಲ್ಲ.

ಇದು ಶುರುವಾದದ್ದು ಹೀಗೆ. ಸಾಂಗ್ಲಿಯಿಂದ ಮಿರಜಿಗೆ ಹೋಗುವ ರಸ್ತೆಯ ಎರಡೂ ಬದಿಯ ಹೊಲಗಳು ಪ್ಲಾಟುಗಳಾಗುತ್ತಿದ್ದ ಕಾಲ. ಸಾಲ ಬೇಕೆಂದರೆ ಮೊದಲು ಬ್ಯಾಂಕಿನ ಹೊಸ್ತಿಲು ಸವೆಸಬೇಕಿತ್ತು. ಈಗ ಟೈ ಕಟ್ಟಿದ ಹುಡುಗರು ತಾವಾಗಿ ದಲ್ಲಾಳಿಗಳ ಅಡತ್ ಅಂಗಡಿಗಳಿಗೆ ಬಂದು, ಬೆಲ್ಲದ ಪೆಂಟೆಗಳ ನಡುವೆ ನಿಂತು, ಮನೆ ಕಟ್ಟಿಸುತ್ತೀರಾ, ಗಾಡಿ ತಗೊಳ್ಳುತ್ತೀರಾ ಎಂದು ಕೇಳುತ್ತಿದ್ದರು. ಶಾಲನಳ ಗಂಡ ನೇಮಿನಾಥ ಅಂಥದೊಂದು ಅಂಗಡಿಯಲ್ಲಿ ಲೆಕ್ಕ ಬರೆಯುವವನು. ಬಾಡಿಗೆಯ ಖೋಲಿಯಲ್ಲಿ ಬೇಸತ್ತಿದ್ದ. ಮನೆಯ ಕಾಗದ ಬ್ಯಾಂಕಿನಲ್ಲಿ ಒತ್ತೆಯಿಟ್ಟು ಎರಡು ಖೋಲಿ, ಒಂದು ಪಡಸಾಲೆಯ ಮನೆ ಎಬ್ಬಿಸಿದ. ಸಾಲ ಹದಿನೈದು ವರ್ಷದ್ದು.

ಆ ವರ್ಷವೇ ಅವರ ಬಸದಿಯಲ್ಲಿ ಮಾತಾಜಿ ಎಂದು ಕರೆಯುವ ಜೈನ ಸನ್ಯಾಸಿನಿಯೊಬ್ಬರು ಮಳೆಗಾಲದ ಚಾತುರ್ಮಾಸಕ್ಕೆ ನಿಂತಿದ್ದರು. ಹೆಂಗಸರು ಸಾಲಾಗಿ ನಿಂತು ಒಬ್ಬೊಬ್ಬರು ಒಂದೊಂದು ತ್ಯಾಗ ಮಾಡುತ್ತಿದ್ದರು. ಒಬ್ಬಳು ಬದನೆಕಾಯಿ, ಒಬ್ಬಳು ರೇಷ್ಮೆ, ಇನ್ನೊಬ್ಬಳು ಸಿಟ್ಟು. ಏನು ಬಿಡಬೇಕೆಂದು ಶಾಲನ ಯೋಚಿಸಿರಲಿಲ್ಲ. ಸರದಿ ಬಂದುಬಿಟ್ಟಿತು, ಹಿಂದಿನವರು ನೂಕುತ್ತಿದ್ದರು, ನಾಲಿಗೆ ತಾನಾಗಿ ಹೇಳಿತು: ಮನೆಯ ಸಾಲ ತೀರುವತನಕ ಸಿಹಿ ತ್ಯಾಗ. ಮಾತಾಜಿ ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು.

ಅವಳ ತಿಳುವಳಿಕೆಯಲ್ಲಿ ಸಾಲವೆಂದರೆ ತವರಿನ ಸಾಲ. ಮಾಲಗಾಂವದಲ್ಲಿ ಅಪ್ಪ ಸೊಸಾಯಿಟಿಯಿಂದ ಎತ್ತುತ್ತಿದ್ದ, ಕಬ್ಬಿನ ಬಿಲ್ಲು ಬಂದಾಗ ತೀರಿಸುತ್ತಿದ್ದ. ಹೋಳಿ ಹುಣ್ಣಿಮೆ ದಾಟಿದರೆ ಸಾಲ ದಾಟಿತು. ಹದಿನೈದು ವರ್ಷವೆಂಬುದನ್ನು ಅವಳು ಕಿವಿಯಿಂದ ಕೇಳಿದ್ದಳು, ಮನಸ್ಸಿಗೆ ತಂದುಕೊಂಡಿರಲಿಲ್ಲ. ಒಂದು ವರ್ಷ ಕಂತು ಕಟ್ಟಿದ ಮೇಲೆ, ಎಷ್ಟು ಇಳಿಯಿತೆಂದು ಗಂಡನನ್ನು ಕೇಳಿದಳು. ಹೆಚ್ಚೇನೂ ಇಳಿದಿಲ್ಲ, ಮೊದಮೊದಲು ಕಟ್ಟಿದ್ದೆಲ್ಲ ಬಡ್ಡಿಗೇ ಹೋಗುತ್ತದೆ ಎಂದು ಅವನು ಎರಡೆರಡು ಸಲ ಬಿಡಿಸಿ ಹೇಳಿದ. ಅವಳು ತಲೆಯಾಡಿಸಿದಳು. ದಿನವಿಡೀ ನೀರು ಸೇದಿದರೂ ಹಂಡೆ ತುಂಬಲಿಲ್ಲವೆಂದರೆ ಹಂಡೆಯ ತಳ ನೋಡಬೇಕು. ಬ್ಯಾಂಕಿನ ತಳ ಎಲ್ಲಿದೆ ಎಂಬುದು ಅವಳಿಗೆ ಹೊಳೆಯಲಿಲ್ಲ.

ತನ್ನ ಪಾಡಿಗೆ ತಾನು ಬಿಟ್ಟಿದ್ದರೆ ಹದಿನೈದಲ್ಲ, ಇಪ್ಪತ್ತು ವರ್ಷವಾದರೂ ಅವಳು ತಾಳುವವಳೇ. ಆದರೆ ಮಗ ಅವಳ ತಾಟು ನೋಡಿ ಉಣ್ಣಲು ಕಲಿಯುತ್ತಿದ್ದ. ಹಬ್ಬದ ದಿನ ಅವಳು ಹೋಳಿಗೆಯನ್ನು ಬದಿಗೆ ಸರಿಸಿದರೆ ಅವನೂ ಸರಿಸಿದ. ಯಾಕವ್ವಾ ಎಂದಾಗ, ಮನೆಯ ಸಾಲ ತೀರಲಿ ಎಂದು ಹೇಳಿದ್ದಳು. ಅಷ್ಟೇ. ಮೂರು ವರ್ಷದ ಕೂಸು ನಾಲ್ಕು ದಿನದಲ್ಲಿ ಮರೆಯುತ್ತದೆಂದು ಎಲ್ಲರೂ ನಕ್ಕರು. ಅವನು ಮರೆಯಲಿಲ್ಲ. ಹೊಡೆದರೂ ತಿನ್ನಲಿಲ್ಲ, ಮುದ್ದು ಮಾಡಿದರೂ ತಿನ್ನಲಿಲ್ಲ. ಸಂಜೆ ಹೊತ್ತು ಮುಳುಗುವ ಮುಂಚೆ ಊಟಕ್ಕೆಂದು ನೇಮಿನಾಥ ಬಂದರೆ ಓಡಿಹೋಗಿ ಅವನ ಅಂಗಿಯಲ್ಲಿ ಮೂಗು ಇಡುತ್ತಿದ್ದ. ಅಂಗಿಗೆ ಹೊಸ ಬೆಲ್ಲದ ವಾಸನೆ. ಅದನ್ನು ನೋಡಿದಾಗಲೆಲ್ಲ ಶಾಲನ ಒಳಗೆ ಹೋಗಿಬಿಡುತ್ತಿದ್ದಳು.

ತೊಟ್ಟಿಲ ಕಾರ್ಯದಿಂದ ಬಂದ ದಿನವೇ ಅವಳು ಗಂಡನಿಗೆ ಹೇಳಿದಳು: ಸಾಲವನ್ನು ಬೇಗ ತೀರಿಸಬೇಕು. ನೇಮಿನಾಥ ನಕ್ಕ. ಊರಮಂದಿ ಸಾಲ ಮುಳುಗಿಸುವ ದಾರಿ ಹುಡುಕುವಾಗ ಅವಧಿಗೆ ಮುಂಚೆ ಕಟ್ಟುತ್ತೇನೆಂದರೆ ಮ್ಯಾನೇಜರನೇ ಹುಚ್ಚನೆನ್ನುತ್ತಾನೆ ಎಂದ. ಹುಡುಗನನ್ನು ಇಂಗ್ಲಿಷ್ ಶಾಲೆಗೆ ಹಾಕಲು ಡೊನೇಶನ್ ಬೇರೆ ಕೂಡಿಸುತ್ತಿದ್ದ. ಶಾಲನ ವಾದ ಮಾಡಲಿಲ್ಲ. ಮಾತು ಬಂದಾಗಲೆಲ್ಲ ಒಂದೇ ಪ್ರಶ್ನೆ ಕೇಳಿದಳು.

"ಹದಿನೈದು ವರ್ಷ ಆಗೂದ್ರಾಗ ನಿಮ್ಮ ಮಗಗ ಮೀಸಿ ಬರ್ತಾವ್ರಿ. ಅಲ್ಲಿತನಕ ಅಂವಾ ನಿಮ್ಮ ಅಂಗೀನ ಮೂಸಬೇಕೇನು?"

ಕಡೆಗೆ ನೇಮಿನಾಥ ಡೊನೇಶನ್ನಿಗೆಂದು ಕೂಡಿಸಿದ್ದನ್ನು ಸಾಲಕ್ಕೆ ಎತ್ತಿಟ್ಟ. ಇಂಗ್ಲಿಷ್ ಶಾಲೆ ಹೋಯಿತು, ಯಶ ಓಣಿಯ ತುದಿಯ ಮರಾಠಿ ಶಾಲೆಗೆ ನಡೆದ. ಶಾಲನಳ ಕೈಯ ಬಂಗಾರದ ಪಾಟಲಿ ಹೋದವು. ನೇಮಿನಾಥ ಇನ್ನೊಂದು ಅಂಗಡಿಯ ಲೆಕ್ಕವನ್ನೂ ಹಿಡಿದ. ಅವಳು ಋತುಜಾಳನ್ನು ಸೊಂಟಕ್ಕೆ ಕಟ್ಟಿಕೊಂಡು ಶಾವಿಗೆ ಹೊಸೆದಳು, ಹಪ್ಪಳ ಲಟ್ಟಿಸಿದಳು. ಮಾಡುವ ಕೆಲಸ ಸರಿಯೋ ತಪ್ಪೋ ಎಂಬುದು ಅವಳಿಗೆ ಬಗೆಹರಿಯಲಿಲ್ಲ. ಮಗನಿಗೆ ಸಿಹಿ ತಿನ್ನಿಸಲೆಂದು ಮಗನ ಶಾಲೆ ಬಿಡಿಸಿದೆ, ಇದು ಯಾವ ಊರ ಬುದ್ಧಿ ಎಂದು ತನ್ನನ್ನೇ ಬೈದುಕೊಳ್ಳುವಳು. ಮರುದಿನ ಮತ್ತೆ ಹಿಟ್ಟು ನಾದುವಳು. ಎರಡು ವರ್ಷಕ್ಕೆ ಸಾಕಷ್ಟು ಕೂಡಿತು. ಆಗ ಬ್ಯಾಂಕಿನವರು ಮುಂಚೆ ಕಟ್ಟಿದರೆ ದಂಡ ಬೀಳುತ್ತದೆ ಎಂದರು. ಶಾಲನ ಇದನ್ನು ಮೂರು ಸಲ ಕೇಳಿಸಿಕೊಂಡಳು. ಕೊಡದಿದ್ದರೆ ದಂಡ, ಅದು ನ್ಯಾಯ. ಕೊಟ್ಟರೂ ದಂಡವೇ?

ಕಡಿಮೆ ಬಿದ್ದದ್ದನ್ನು ಅವಳ ಅಣ್ಣ ಅಪ್ಪಣ್ಣ ಕೊಟ್ಟ. ಆ ವರ್ಷ ಮಾಲಗಾಂವದ ಅವನ ದ್ರಾಕ್ಷಿ ತೋಟಕ್ಕೆ ಒಳ್ಳೆಯ ರೇಟು ಸಿಕ್ಕಿತ್ತು. ತಾನಾಗಿಯೇ ಬಂದು, ಪಡಸಾಲೆಯಲ್ಲಿ ಕುಳಿತು, ಯಶನ ಎದುರಿಗೇ ನೋಟು ಎಣಿಸಿ ನೇಮಿನಾಥನ ಕೈಗೆ ಹಾಕಿದ. ನಿಮಗೆ ಆದಾಗ ಕೊಡಿ ಎಂದ.

ಮನೆಯ ಕಾಗದ ತಿರುಗಿ ಮನೆಗೆ ಬಂದ ಆದಿತ್ಯವಾರ ಶಾಲನ ಹೂರಣ ರುಬ್ಬಿ ಹೋಳಿಗೆ ಮಾಡಿದಳು. ಅಪ್ಪಣ್ಣ ಹೆಂಡತಿಯನ್ನು ಕರೆದುಕೊಂಡು ಬಂದಿದ್ದ. ಎಲೆ ಹಾಕಿ ಎಲ್ಲರೂ ಕುಳಿತರು. ಶಾಲನ ಮೊದಲ ಹೋಳಿಗೆಯನ್ನು ಯಶನ ಎಲೆಗೆ ಬಡಿಸಿ, ಮೇಲೆ ತುಪ್ಪ ಬಿಟ್ಟು, ಮನೆಯ ಸಾಲ ತೀರಿತು, ಉಣ್ಣಪ್ಪಾ ಎಂದಳು. ಹುಡುಗ ಹೋಳಿಗೆ ನೋಡಿದ, ಸೋದರಮಾವನನ್ನು ನೋಡಿದ.

"ಮಾಮಾನ ರೊಕ್ಕಾ ಕೊಟ್ಟೀರೇನು?"

ಅಪ್ಪಣ್ಣ ಹೊಟ್ಟೆ ಹಿಡಿದು ನಕ್ಕ. "ಇಂವಾ ನಮ್ಮ ಬ್ಯಾಂಕಿನ ಮ್ಯಾನೇಜರ್ ಆಗ್ತಾನ ನೋಡು. ಅದು ಸಾಲ ಅಲ್ಲೋ ಮರಿ, ಅದು ತವರಮನಿದು."

ನೇಮಿನಾಥನೂ, ಬ್ಯಾಂಕಿನ ಸಾಲ ಬೇರೆ, ಮನೆಯ ಕಾಗದ ನಮ್ಮ ಕಪಾಟಿನಲ್ಲಿದೆ ಎಂದು ತಿಳಿಹೇಳಿದ. ಎಲ್ಲರೂ ಏನೋ ಒಂದು ಹೇಳಿದರು. ಅಪ್ಪಣ್ಣನ ಹೆಂಡತಿ ಮಾತ್ರ ತಲೆ ಎತ್ತದೆ ತನ್ನ ಎಲೆಯ ಪಲ್ಯ ಕಲಸುತ್ತಿದ್ದಳು. ಆ ಬಗ್ಗಿದ ತಲೆಯನ್ನು ಶಾಲನ ನೋಡಿದಳು, ಯಶನೂ ನೋಡಿದ. ಆಮೇಲೆ ಹುಡುಗ ತಾಯಿಯ ಮುಖಕ್ಕೇ ಕಣ್ಣು ನೆಟ್ಟ. ಅವಳು ಹೌದೆಂದಿದ್ದರೆ ಉಣ್ಣುತ್ತಿದ್ದ. ಅಣ್ಣನಿಗೆ ಕೊಡುವುದು ಸಾಲವೋ ಅಲ್ಲವೋ? ಸಾಲವಾದರೆ ಈ ಎರಡು ವರ್ಷ ಬೆನ್ನು ಮುರಿದದ್ದು ಸಾಲದ ಹೆಸರು ಬದಲಿಸುವುದಕ್ಕೇ? ಸಾಲವಲ್ಲವಾದರೆ ವೈನಿಯ ತಲೆ ಯಾಕೆ ಬಗ್ಗಿತು? ಹುಡುಗ ಹೋಳಿಗೆಯನ್ನು ಎಲೆಯ ಬದಿಗೆ ಸರಿಸಿ ಅನ್ನಕ್ಕೆ ಸಾರು ಹಾಕಿಸಿಕೊಂಡ. ಶಾಲನಳೂ ಸಿಹಿ ಮುಟ್ಟಲಿಲ್ಲ. ಎರಡು ವರ್ಷದ ಋತುಜಾ ಮಾತ್ರ ಅಣ್ಣನ ಎಲೆಯದನ್ನೂ ಎಳೆದುಕೊಂಡು ಮುಖವೆಲ್ಲ ತುಪ್ಪ ಮಾಡಿಕೊಂಡಳು.

ನೇಮ ಕೊಟ್ಟ ಮಾತಾಜಿಯವರು ಊರಿಂದೂರಿಗೆ ನಡೆಯುವ ವಿಹಾರದಲ್ಲಿ ಮಿರಜಿನ ಬಸದಿಗೆ ಬಂದಿದ್ದಾರೆಂದು ಮುಂದಿನ ವಾರ ತಿಳಿಯಿತು. ಕೂಸನ್ನು ನೆರೆಯವಳ ಕೈಗೆ ಕೊಟ್ಟು, ಯಶನನ್ನು ಕರೆದುಕೊಂಡು ಶಾಲನ ಸಿಟಿ ಬಸ್ಸು ಹತ್ತಿದಳು. ಕೊಟ್ಟವರೇ ಬಿಡಿಸಲಿ, ತನಗೆ ಈ ಲೆಕ್ಕ ಆಗುವುದಿಲ್ಲ ಎಂದು ದಾರಿಯುದ್ದಕ್ಕೂ ಅಂದುಕೊಂಡಳು.

ಮಾತಾಜಿ ಎಲ್ಲವನ್ನೂ ಕೇಳಿದರು. ಬ್ಯಾಂಕು, ದಂಡ, ಅಣ್ಣ, ದ್ರಾಕ್ಷಿ ಎಲ್ಲ. ಕಡೆಗೆ, ಸಾಲ ತೀರಿದ್ದು ಉಳಿದದ್ದು ನಿನಗೆ ಗೊತ್ತಿರಬೇಕು ತಾಯಿ, ನಾವು ರೊಕ್ಕ ಮುಟ್ಟಿ ಬಹಳ ಕಾಲವಾಯಿತು ಎಂದುಬಿಟ್ಟರು. ಶಾಲನ ಕೈಮುಗಿದು ಮಗನನ್ನು ಮುಂದಕ್ಕೆ ಸರಿಸಿದಳು. ಅವರು ಹುಡುಗನತ್ತ ತಿರುಗಿದರು.

"ಎಷ್ಟು ವರ್ಷ ಇವಗ?"

"ಏಳು ನಡದಾವ್ರಿ ಮಾತಾಜಿ."

"ಎಂಟು ತುಂಬದ ಕೂಸಿಗೆ ನೇಮ ಇಲ್ಲವ್ವಾ. ಇವಂದು ನೇಮ ಅಲ್ಲ. ತಿನ್ನಲಿ."

ಶಾಲನಳಿಗೆ ಹಗುರವೆನಿಸಬೇಕಿತ್ತು. ಇಷ್ಟು ಸಣ್ಣ ಮಾತಿಗೆ ಎರಡು ವರ್ಷ ಹಿಟ್ಟು ನಾದಿದೆನೇ ಎನಿಸಿತು. ಅಂದೇ ಯಾರನ್ನಾದರೂ ಕೇಳಿದ್ದರೆ ಅಂದೇ ಹೇಳುತ್ತಿದ್ದರು. ಇಂಗ್ಲಿಷ್ ಶಾಲೆ, ಪಾಟಲಿ, ಅಣ್ಣನ ರೊಕ್ಕ, ಯಾವುದೂ ಬೇಕಿರಲಿಲ್ಲ. ಆದರೂ ಮನೆಯ ಕಾಗದ ಕಪಾಟಿನಲ್ಲಿದೆಯಲ್ಲ, ಅದೂ ಸುಳ್ಳಲ್ಲ. ಲಾಭವೋ ಲುಕ್ಸಾನೋ ತಿಳಿಯದೆ ವಂದಿಸಿ ಹೊರಬಂದಳು.

ಬಸದಿಯ ಮೆಟ್ಟಿಲ ಮೇಲೆ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದ ಯಶ ಅಲ್ಲೇ ಕುಳಿತುಬಿಟ್ಟ.

"ಅವ್ವಾ, ನಂದು ನೇಮ ಅಲ್ಲಂದ್ರ ನಾ ಇಷ್ಟು ದಿನಾ ಏನ್ ಮಾಡಿದೆ?"

ಹೊಡೆತ ತಿಂದಾಗಲೂ ಅಳದ ಹುಡುಗ ಈಗ ಅಳತೊಡಗಿದ. ಪೇಡೆ ಬಿಟ್ಟಿದ್ದಕ್ಕಲ್ಲ, ಬಿಟ್ಟದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲವೆಂದು. ಶಾಲನ ಅವನ ಪಕ್ಕದಲ್ಲಿ ಕುಳಿತಳು. ಒಳಗೆ ಹೋಗಿ ಇದನ್ನೂ ಕೇಳಲೇ ಎನಿಸಿತು. ಅವರೇನು ಹೇಳಿಯಾರು?

"ನೀ ನನ್ನ ಜೋಡಿ ಇದ್ದೆಪ್ಪಾ," ಎಂದಳು.

"ಹಂಗಾರ ಈಗೂ ನಿನ್ನ ಜೋಡಿನಽ ಇರ್ತೇನಿ. ನೀ ತಿಂದ್ರ ತಿಂತೇನಿ."

ಅವಳು ಸೆರಗಿನಿಂದ ಅವನ ಮೂಗು ಒರೆಸಿದಳು. ಸ್ಟ್ಯಾಂಡಿನ ಎದುರಿನ ಮಿಠಾಯಿ ಅಂಗಡಿಯಲ್ಲಿ ಎರಡು ಪೇಡೆ ಕಟ್ಟಿಸಿದಳು. ಬಸ್ಸಿಗೆ ಕಾಯುವ ಜನರ ನಡುವೆ, ಬೇವಿನ ಗಿಡದ ಕಟ್ಟೆಗೆ ಬೆನ್ನು ಕೊಟ್ಟು ನಿಂತು ಪುಡಕೆ ಬಿಚ್ಚಿದಳು. ತಾನು ತಿಂದರೆ ನೇಮ ಮುಗಿದಂತೋ ಮುರಿದಂತೋ ಅವಳಿಗೆ ಈಗಲೂ ಗೊತ್ತಿರಲಿಲ್ಲ. ಮುರಿದದ್ದಾದರೆ ಪ್ರಾಯಶ್ಚಿತ್ತ ತನ್ನ ಮೇಲೆ ಇರಲಿ, ಇವನ ಮೇಲೆ ಬೇಡ. ಸಿದ್ಧರನ್ನು ನೆನೆದು ಒಂದನ್ನು ಬಾಯಿಗೆ ಹಾಕಿಕೊಂಡಳು. ಇಷ್ಟು ವರ್ಷದ ಮೇಲೆ ಸಕ್ಕರೆ ನಾಲಿಗೆಗೆ ಖಾರದ ಹಾಗೆ ಹತ್ತಿತು. ಹುಡುಗ ಅವಳ ಗಂಟಲನ್ನೇ ನೋಡುತ್ತಿದ್ದ.

"ಮಾಮಾನ ರೊಕ್ಕಾ?"

"ಕೊಡೂದದ. ಕೊಡ್ತೇವಿ."

"ಮತ್ತ?"

"ಮತ್ತೇನಿಲ್ಲ. ತಿನ್ನು."

ಅವನು ಪೇಡೆಯನ್ನು ಇಡಿಯಾಗಿ ಬಾಯಿಗೆ ಹಾಕಿಕೊಂಡ. ಅಗಿಯಲಿಲ್ಲ. ಒಂದು ಕೆನ್ನೆ ಉಬ್ಬಿಸಿಕೊಂಡು, ನುಂಗಬೇಕೋ ಉಗುಳಬೇಕೋ ನೀನೇ ಹೇಳು ಎಂಬಂತೆ ಅವಳನ್ನು ನೋಡುತ್ತ ನಿಂತ. ಸಾಂಗ್ಲಿಯ ಬಸ್ಸು ಬಂದು ಜನ ಬಾಗಿಲಿಗೆ ಮುತ್ತಿದರು.

"ನುಂಗು," ಎಂದಳು ಶಾಲನ.

ಅವನು ನುಂಗಿದ. ಅವಳ ಪೇಡೆ ಮಾತ್ರ ಇನ್ನೂ ಬಾಯಲ್ಲೇ ಇತ್ತು.