ಕೂದಲೆಳೆಯಷ್ಟು ವೇಗ

ಸಿಂಥಸೈಸರ್ ಎಂಬ ಹಳೆಯ ಎಲೆಕ್ಟ್ರಾನಿಕ್ ಸ್ವರಪೆಟ್ಟಿಗೆಗಳ ಹೊಟ್ಟೆ ಬಿಚ್ಚಿ ರಿಪೇರಿ ಮಾಡಿ ಬದುಕುತ್ತಿದ್ದ ಅವನಿಗೆ ಬೀದಿಯವರು ಇಟ್ಟ ಹೆಸರು ‘ಕಿವಿ’. ಎದುರು ಮನೆಯ ಫ್ಯಾನು ಯಾವ ಸ್ವರದಲ್ಲಿ ನರಳುತ್ತಿದೆ ಎಂದು ಮಲಗಿದಲ್ಲೇ ಹೇಳುವವನು. ಆ ಹೆಸರಿಗೆ ಅವನು ಎಷ್ಟು ಉಬ್ಬುತ್ತಿದ್ದನೆಂದರೆ, ಅವನಿಂದ ಏನನ್ನಾದರೂ ಮಾಡಿಸಿಕೊಳ್ಳಬೇಕಾದವರು ಮೊದಲು ಅವನ ಕಿವಿಯನ್ನು ಹೊಗಳಿದರೆ ಸಾಕಿತ್ತು.

ಅಂಗಿ ಕಾರ್ಖಾನೆಯ ಮ್ಯಾನೇಜರಿಗೆ ಇದು ಗೊತ್ತಿತ್ತು.

“ಮೇಷ್ಟ್ರೇ, ನಿಮ್ಮಂಥ ಕಿವಿ ಈ ಸುತ್ತಮುತ್ತಲೇ ಇಲ್ವಂತೆ,” ಎಂದು ಅಂಗಡಿಯೊಳಗೆ ಬಂದು ಕೂತ. “ನಮ್ಮ ಹೆಂಗಸರು ದಿನವಿಡೀ ಹೊಲಿದು ಬೇಸತ್ತಿರ್ತಾರೆ. ಒಂದಿಷ್ಟು ಸಂಗೀತ ಇರಲಿ ಅಂತ.”

“ಸ್ಪೀಕರಲ್ಲಿ ಹಾಡು ಹಾಕ್ಬಿಡಿ ಸಾರ್.”

“ಹಾಡು ಮುಗಿದ ತಕ್ಷಣ ಕೈಯೂ ನಿಲ್ಲುತ್ತೆ. ನಿಲ್ಲದೆ ನುಡಿಯೋದು ಬೇಕು.”

“ಹಾಗಾದ್ರೆ ಕಂಪ್ಯೂಟರೇ ಸಾಕಲ್ಲ?”

“ಬೇಡಪ್ಪ. ಅದರಲ್ಲಿ ಮಾಡಿದ್ದಕ್ಕೆಲ್ಲ ದಾಖಲೆ ಉಳಿಯುತ್ತೆ.”

ಆ ಮಾತು ಅವನಿಗೆ ಕೇಳಿಸಿತು, ಒಳಗೆ ಇಳಿಯಲಿಲ್ಲ. ಅವನ ಅಕ್ಕ ಅದೇ ಕಾರ್ಖಾನೆಯಲ್ಲಿ ಅಂಗಿಗೆ ಕಾಲರ್ ಕೂರಿಸುತ್ತಿದ್ದಳು. ತನ್ನ ಕೈಯ ಸ್ವರ ಅಕ್ಕನ ಕಿವಿಗೆ ದಿನವಿಡೀ ಬೀಳುತ್ತದಲ್ಲ ಎಂಬ ಸಂತೋಷವೇ ಅವನಿಗೆ ದೊಡ್ಡದಾಗಿತ್ತು. ಒಳಗೇ ಸೀಕ್ವೆನ್ಸರ್ ಇರುವ ಮೂರು ಸಿಂಥಸೈಸರುಗಳನ್ನು ಮೇಜಿನ ಮೇಲೆ ಸಾಲಾಗಿ ಇಟ್ಟ. ಒಮ್ಮೆ ಹೇಳಿಕೊಟ್ಟ ಸ್ವರಗಳನ್ನು ಕೈ ಮುಟ್ಟದೆ ಮತ್ತೆ ಮತ್ತೆ ನುಡಿಸುವ ಭಾಗವೇ ಸೀಕ್ವೆನ್ಸರ್.

“ಇದು ಅಜ್ಜ,” ಎಂದು ಮೊದಲನೆಯದರ ಬೆನ್ನು ತಟ್ಟಿದ. “ಹದಿನಾರು ಗುಂಡಿ, ಗುಂಡಿಗೊಂದು ಸ್ವರ. ದನಿ ಜೇನು. ಆದ್ರೆ ಅರ್ಧ ಗಂಟೆ ನುಡಿದು ಬಿಸಿಯಾದ್ರೆ ತಾನಾಗೇ ಶ್ರುತಿ ತಪ್ಪುತ್ತೆ. ಇನ್ನು ಎರಡನೇದು ಗುಮಾಸ್ತ. ಒಂದೊಂದೇ ಸ್ವರ ಒತ್ತಿ ತುಂಬಬೇಕು, ಮೌನ ಬೇಕಾದ್ರೆ ಅದಕ್ಕೂ ಒತ್ತಬೇಕು. ತಪ್ಪೇ ಇಲ್ಲ. ವೇಗ ಮಾತ್ರ ಅಂಕಿಯಲ್ಲಿ, ನೂರಿಪ್ಪತ್ತು, ನೂರಿಪ್ಪತ್ತೊಂದು. ಮೆಟ್ಟಿಲು ಹತ್ತಿದ ಹಾಗೆ, ಕಿವಿಗೆ ಎಡವುತ್ತೆ.”

“ಮೂರನೇದು?”

“ಬೆಣ್ಣೆ ಸಾರ್. ತುಂಬೋದು ಅದೇ ಥರ, ವೇಗಕ್ಕೆ ಮಾತ್ರ ಅಂಕಿಯಿಲ್ಲ, ಹಳೇ ರೇಡಿಯೋದ ಥರ ಬರೀ ತಿರುಗಣೆ. ಕೂದಲೆಳೆಯಷ್ಟು ಏರಿಸಿದ್ರೂ ಏರುತ್ತೆ. ಏರಿದ್ದು ಯಾರಿಗೂ ಗೊತ್ತಾಗಲ್ಲ.”

“ನಿಮಗೂ?”

“ಪರೀಕ್ಷೆ ಮಾಡಿ!”

ಮ್ಯಾನೇಜರ್ ಪರೀಕ್ಷೆ ಮಾಡಿದ. ಇವನನ್ನು ಗೋಡೆಗೆ ಮುಖ ಮಾಡಿ ಕೂರಿಸಿ, ಒಂದು ಗಂಟೆ ತಾಳ್ಮೆಯಿಂದ ತಿರುಗಣೆಯ ಪಕ್ಕದಲ್ಲೇ ಕೂತ. ಕೊನೆಗೆ, “ಏರಿಸಿದ್ನೋ ಇಲ್ವೋ?” ಎಂದ. ಇವನು ಇಲ್ಲವೆಂದ. ತಿರುಗಿ ನೋಡಿದರೆ ತಿರುಗಣೆಯ ಗುರುತು ಎಷ್ಟೋ ದೂರ ಸರಿದಿತ್ತು. ಕಿವಿಗೆ ನಾಚಿಕೆಯಾಗಲಿಲ್ಲ, ಹೆಮ್ಮೆಯಾಯಿತು. “ಹೇಳಿರಲಿಲ್ವಾ ಸಾರ್, ನನ್ನನ್ನೇ ಸೋಲಿಸ್ತು!”

ಮ್ಯಾನೇಜರ್ ಕೊಂಡ ಆ ಮೂರನೆಯದಕ್ಕೆ ಹದಿನಾರು ಸ್ವರಗಳ ಒಂದು ಸುತ್ತನ್ನು ಕಿವಿಯೇ ತುಂಬಿಕೊಟ್ಟ. ನಡುವೆ ನಾಲ್ಕು ಮೌನಗಳಿದ್ದವು. “ಈ ಸಂದುಗಳು ಯಾಕೆ? ತುಂಬಿಬಿಡಿ,” ಎಂದ ಮ್ಯಾನೇಜರ್. ತುಂಬಿದ.

ಮೊದಲ ವಾರ ಅಕ್ಕ ನಗುನಗುತ್ತ ಬಂದಳು. “ನಿನ್ನ ಪೆಟ್ಟಿಗೆ ಚೆನ್ನಾಗಿದೆ ಕಣೋ. ಗಂಟೆಗೆ ಅರವತ್ತು ಕಾಲರ್ ಮುಗಿದದ್ದೇ ಗೊತ್ತಾಗಲ್ಲ. ಊರಿನ ಗಂಡಸರ ಕತ್ತೆಲ್ಲ ನನ್ನ ಕೈಯಲ್ಲಿ!”

ಮೂರನೆಯ ವಾರ ಊಟಕ್ಕೆ ಕೂತವಳು ಎರಡು ತುತ್ತಿಗೇ ತಟ್ಟೆ ಸರಿಸಿ ಗೋಡೆಗೆ ಒರಗಿದಳು.

“ಮಧ್ಯಾಹ್ನ ದಾಟಿದ ಮೇಲೆ ಯಾರೋ ಬೆನ್ನಿಗೆ ಕೈ ಕೊಟ್ಟು ನೂಕಿದ ಹಾಗಾಗುತ್ತೆ. ಎಲ್ಲರಿಗೂ ಹಾಗೇ. ನಮಗೇ ವಯಸ್ಸಾಯ್ತೇನೋ ಅಂದ್ಕೊಂಡು ಸುಮ್ಮನಿದ್ದೀವಿ.”

“ಪೆಟ್ಟಿಗೆ ಹತ್ರ ಯಾರಾದ್ರೂ ಹೋಗ್ತಾರಾ?”

“ಸೂಪರ್‌ವೈಸರ್ ಗಂಟೆಗೊಂದು ಸಲ ಬಂದು ಧೂಳು ಒರೆಸ್ತಾನೆ. ಮನೇಲಿ ಹೆಂಡ್ತಿಗೆ ಒಂದು ಲೋಟ ಎತ್ತಿಕೊಡದವನು!”

ಅವನು ಮುಟ್ಟುವುದು ಧೂಳನ್ನಲ್ಲ, ತಿರುಗಣೆಯನ್ನು ಎಂದು ಇವನಿಗೆ ಹೊಳೆಯಿತು. ಹೇಳಬೇಕಿತ್ತು. ಆ ಕ್ಷಣವೇ ಹೇಳಬೇಕಿತ್ತು. ಆದರೆ ಹೇಳಿದರೆ ಗೋಡೆಗೆ ಮುಖ ಮಾಡಿ ಕೂತದ್ದನ್ನೂ ಹೇಳಬೇಕಲ್ಲ. ನಾಳೆ ಮ್ಯಾನೇಜರನ್ನೇ ಕೇಳಿದರಾಯಿತು ಎಂದು ನುಂಗಿಕೊಂಡ.

ಮರುದಿನ ಮೂರು ಗಂಟೆಗೆ ಹೊಲಿಗೆ ಯಂತ್ರದ ಸೂಜಿ ಅಕ್ಕನ ತೋರುಬೆರಳಿನ ಉಗುರು ಸೀಳಿ ಮೂಳೆಗೆ ಇಳಿದು ಮುರಿಯಿತು.

ಚಿಕಿತ್ಸಾಲಯದ ಬೆಂಚಿನ ಮೇಲೆ ಅವನು ಎಲ್ಲವನ್ನೂ ಹೇಳಿದ. ಅಕ್ಕ ಬ್ಯಾಂಡೇಜಿನ ಕೈಯನ್ನು ಎದೆಗೆ ಒತ್ತಿ ಹಿಡಿದು ಕೇಳಿದಳು.

“ನಿನಗೆ ಯಾವಾಗ ಗೊತ್ತಾಯ್ತು?”

“ನಿನ್ನೆ ಊಟಕ್ಕೆ ಕೂತಾಗ.”

ಅವಳು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. “ಗೊತ್ತು ಹಚ್ಚೋದು ಹೇಗೆ, ಅದನ್ನ ಹೇಳು,” ಎಂದಳು.

“ಗೋಡೆ ಗಡಿಯಾರ ನೋಡ್ಕೊಂಡು ಒಂದು ನಿಮಿಷಕ್ಕೆ ಎಷ್ಟು ಸುತ್ತು ಬರುತ್ತೆ ಎಣಿಸಿ. ಕಿವಿ ನಂಬಬೇಡಿ.”

ಅಕ್ಕ ಹೇಳಿಕಳಿಸಿದಂತೆ ಮರುದಿನ ಹೆಂಗಸರು ಎಣಿಸಿದರು. ಬೆಳಿಗ್ಗೆ ಹದಿನೈದು ಸುತ್ತು, ಮೂರು ಗಂಟೆಗೆ ಹದಿನೆಂಟು. ಸಾಲಿನಿಂದ ಸಾಲಿಗೆ ಅಂಕಿ ಹರಡಿತು. ಇಡೀ ಹಾಲ್ ಎದ್ದು ನಿಂತಿತು. ಮ್ಯಾನೇಜರ್ ಬಂದ, ನಕ್ಕ, ತಾನೇ ಹೋಗಿ ಸ್ವಿಚ್ ಆರಿಸಿದ.

“ಸಂಗೀತ ಬೇಡವಾದ್ರೆ ಬೇಡ ಕಣಮ್ಮ.”

ಆಮೇಲೆ ಗಂಟೆಯ ಗುರಿ ಬರೆಯುವ ಹಲಗೆಯ ಮೇಲಿದ್ದ ಅರವತ್ತನ್ನು ಒರೆಸಿ ಎಪ್ಪತ್ತೆರಡು ಎಂದು ಬರೆಸಿದ.

“ಇದೇನು ಸಾರ್?” ಎಂದು ಮುಂದಿನ ಸಾಲಿನವಳೊಬ್ಬಳು ಕೇಳಿದಳು.

“ಇಷ್ಟು ದಿನ ಮಧ್ಯಾಹ್ನದ ಮೇಲೆ ನೀವೇ ಮಾಡಿದ್ದು. ಯಾರಾದ್ರೂ ಹೊಡೆದ್ರಾ? ಬೈದ್ರಾ? ಕೈಲಾಗುತ್ತೆ ಅಂತ ನಿಮ್ಮ ಕೈಯೇ ತೋರಿಸಿದೆ.”

ಚಾವಟಿ ಹಿಡಿದವನಿಗಾದರೂ ತೋಳು ನೋಯುತ್ತದೆ. ಇಲ್ಲಿ ಚಾವಟಿಯನ್ನು ಕೆಳಗಿಟ್ಟ ಮೇಲೂ ಏಟು ನಿಲ್ಲಲಿಲ್ಲ. ನಿಂತವರು ಒಬ್ಬೊಬ್ಬರಾಗಿ ಕೂತರು. ಮನೆಯಲ್ಲಿ ಒಲೆ ಹೊತ್ತಿಸಬೇಕಾದವರಿಗೆ ಎಷ್ಟು ಹೊತ್ತು ನಿಲ್ಲಲಾದೀತು?

ನಾಲ್ಕು ದಿನ ಕಳೆದು ಕೆಲಸಕ್ಕೆ ಹೋದ ಅಕ್ಕ, ಬೆರಳಿನ ಕಟ್ಟಿನೊಂದಿಗೇ ಗಂಟೆಗೆ ಅರವತ್ತು ಕಾಲರ್ ಕೂರಿಸಿ ಕೈ ಕಟ್ಟಿ ಕೂತಳು. ಪಕ್ಕದ ಸಾಲಿನಲ್ಲಿ ಇನ್ನಿಬ್ಬರು ಹಾಗೇ ಕೂತರು. ಉಳಿದವರು ತಲೆ ಎತ್ತಲಿಲ್ಲ. ಸಂಜೆ ಮೂವರ ಗೇಟ್ ಕಾರ್ಡನ್ನೂ ಕಿತ್ತುಕೊಂಡು, ನಾಳೆಯಿಂದ ಬರಬೇಡಿ ಎಂದರು.

“ಇನ್ನೇನು ಮಾಡೋದಕ್ಕಾ?”

“ಬೆಳಿಗ್ಗೆ ಗೇಟಿನ ಹತ್ರ ನಿಲ್ಲೋದು. ನೀನೂ ಬರ್ತೀಯ. ಮಾರುವಾಗ ಬಾಯಿ ತುಂಬ ಹೇಳಿದ್ಯಲ್ಲ, ಹಾಗೇ ಹೇಳ್ಬೇಕು, ಏನು ಮಾಡಿದೆ ಅಂತ. ನಮ್ಮ ಕೈ ಎಪ್ಪತ್ತೆರಡು ಕೊಟ್ಟಿದ್ದಲ್ಲ, ಕಸಿದುಕೊಂಡದ್ದು ಅಂತ.”

ಬೆಳಿಗ್ಗೆ ಸೈರನ್ನಿಗೆ ಹತ್ತು ನಿಮಿಷವಿತ್ತು. ಹೆಂಗಸರು ದಡಬಡ ಬರುತ್ತಿದ್ದರು, ಅವರ ಹೆಜ್ಜೆಗಳ ವೇಗವೂ ಏರಿತ್ತು. ಅವನು ಬಾಯಿ ತೆರೆದ. ಹೊರಟ ದನಿ ಪಕ್ಕದಲ್ಲಿದ್ದ ಅಕ್ಕನಿಗೂ ಸರಿಯಾಗಿ ಕೇಳಲಿಲ್ಲ. ನಾಲ್ಕೈದು ಜನ ದಾಟಿಹೋದರು.

ಅಕ್ಕ ಬ್ಯಾಂಡೇಜಿನ ಕೈಯಿಂದಲೇ ಅವನ ಪಕ್ಕೆಗೆ ತಿವಿದಳು. ನೋವಿಗೆ ಅವಳ ಮುಖವೇ ಹಿಂಡಿಕೊಂಡಿತು.

“ಜೋರಾಗಿ ಹೇಳೋ.”