ಬೇಲಿಯಾಚೆಯ ಜೀನಿಯಾ

ನಲವತ್ತು ದಾಟಿದ ಮೇಲೆ ಕೀರ್ತಿರಾಜ್ ಗೊರೂರಿನ ನೀರಾವರಿ ಕ್ವಾರ್ಟರ್ಸಿಗೆ ಮರಳಿದ. ಅಪ್ಪ ಗಂಗಯ್ಯ ಅಣೆಕಟ್ಟೆಯ ವಾಚ್‌ಮನ್ ಆಗಿದ್ದಾಗ ಅವನು ಬೆಳೆದದ್ದು ಇದೇ ಸಾಲಿನಲ್ಲಿ. ಈಗ ಅದೇ ಇಲಾಖೆಯ ಗುಮಾಸ್ತನಾಗಿ ವರ್ಗವಾಗಿ ಬಂದಿದ್ದ.

ಆಗ ಪ್ರತಿ ಮನೆಯ ಮುಂದೂ ಜೀನಿಯಾ, ಕರ್ಣಕುಂಡಲ, ಚೆಂಡುಹೂ ಕಿಕ್ಕಿರಿದಿರುತ್ತಿದ್ದವು. ಶಾಲೆಗೆ ಹೋಗುವ ಮಕ್ಕಳು ಕರ್ಣಕುಂಡಲದ ಬಲಿತ ಕಾಯಿ ಮುಟ್ಟಿ, ಅದು ಪಟ್ಟನೆ ಸಿಡಿದರೆ ಕಿರುಚಿಕೊಂಡು ಓಡುತ್ತಿದ್ದರು. ಈಗ ಅಂಗಳದ ತುಂಬ ಬರೀ ಕಳೆ.

ಒಂದು ಗಿಡವನ್ನೂ ಬೆಳೆಸಿ ಗೊತ್ತಿಲ್ಲದ ಕೀರ್ತಿರಾಜ್ ಹಾಸನದಿಂದ ಜೀನಿಯಾ ಬೀಜ ತಂದು ಬಿತ್ತಿದ. ಹದಿನೈದು ದಿನವಾದರೂ ಒಂದು ಮೊಳಕೆ ಇಲ್ಲ. ಹಾಸನದಲ್ಲಿ ಮಗಳ ಮನೆಯಲ್ಲಿದ್ದ ಅವ್ವ ಮಾದಮ್ಮನಿಗೆ ಫೋನ್ ಮಾಡಿದ.

"ಎಷ್ಟು ಆಳಕ್ಕೆ ಆಕ್ದೆ ಮಗ?"

"ಒಂದು ಗೇಣು."

ಅವ್ವ ಬಿದ್ದು ಬಿದ್ದು ನಕ್ಕಳು. "ಬೀಜ ಬಿತ್ತಿದ್ಯೋ, ಊತಾಕಿದ್ಯೋ? ಮಣ್ಣು ಕೆದಕಿ ಮ್ಯಾಲೆ ಉದುರ್ಸು. ತೆಳ್ಳಗೆ ಮುಚ್ಚು. ನೀರ ಕೈನಾಗೆ ಚಿಮುಕ್ಸು. ಬಿಂದಿಗೇಲಿ ಉಯ್ದರೆ ಕೊಚ್ಕೊಂಡು ಓಯ್ತದೆ ಕಣ್ಲಾ."

ಈ ಸಲ ಐದನೆಯ ದಿನಕ್ಕೇ ಹಸಿರು ತಲೆಯೆತ್ತಿತು. ಎರಡು ತಿಂಗಳಲ್ಲಿ ಕೆಂಪು, ಗುಲಾಬಿ, ಕಿತ್ತಳೆ ಬಣ್ಣಗಳು ಅಂಗಳ ತುಂಬಿದವು. ನೋಡಲೆಂದು ಬಸ್ಸಿಳಿದು ಬಂದ ಅವ್ವ ಒಂದು ಹೂವನ್ನು ಬೆರಳಿಂದ ಎತ್ತಿ ನೋಡಿದಳು.

"ನಂಗೆ ಮೊದ್ಲು ಈ ಬೀಜ ಕೊಟ್ಟೋರು ಪಕ್ಕದ್ಮನೆ ಕಾಮಾಕ್ಷಮ್ಮ. ನಾವು ಒಸದಾಗಿ ಬಂದಾಗ ಅವರು ನಮ್ಮನೇಗೆ ಬತ್ತಿರ್ಲಿಲ್ಲ. ಬೇಲಿ ಆಚೇಲಿ ನಿಂತು, ಕೈ ತಾಕದಂಗೆ ಮ್ಯಾಲಿಂದ ಉದುರ್ಸಿದ್ರು."

ಕೀರ್ತಿರಾಜ್ ಅವಳ ಮುಖ ನೋಡಿದ. ಸಂಜೆ ಹೊತ್ತು ಅವ್ವನ ಪಕ್ಕ ಜಗಲಿಯಲ್ಲಿ ಕೂತು ಹೂ ಕಟ್ಟುತ್ತಿದ್ದ ಕಾಮಾಕ್ಷಮ್ಮನಷ್ಟೇ ಅವನಿಗೆ ನೆನಪು.

"ಆಮೇಲೆ?"

"ಒಂದ್ವರ್ಸ ಮಳೆಗೆ ಅವರ ಗಿಡ ಎಲ್ಲಾ ಕೊಳ್ತೋದ್ವು. ಬೀಜ ಕೇಳ್ಕೊಂಡು ಬಂದ್ರು. ನಾನು ಕೈಗೇ ಕೊಟ್ಟೆ. ಒಂದ್ಗಳಿಗೆ ನಿಂತಿದ್ದು, ಜಗಲಿ ಮ್ಯಾಲೆ ಕುಂತ್ರು. ಕಾಪಿ ಕುಡುದ್ರು. ಆಮ್ಯಾಕೆ ಅವರು ಬರ್ದೇ ಇರೋ ದಿನಾನೇ ಇರ್ಲಿಲ್ಲ."

ಈಗ ಅವರು ಚನ್ನರಾಯಪಟ್ಟಣದಲ್ಲಿ ಮಗನ ಜೊತೆ ಇದ್ದಾರೆಂದು ಅವ್ವ ಕೇಳಿದ್ದಳು. ಕೀರ್ತಿರಾಜ್ ಹಳೆಯ ಸಿಬ್ಬಂದಿಯೊಬ್ಬರಿಂದ ನಂಬರ್ ಹುಡುಕಿ, ಕರೆ ಹೋಗುತ್ತಿದ್ದಂತೆ ಫೋನನ್ನು ಅವ್ವನ ಕೈಗಿಟ್ಟ.

"ನಾನು ಕಣಕ್ಕ, ಗೊರೂರು ಮಾದಮ್ಮ," ಎಂದಳು ಅವ್ವ. ಆ ಕಡೆಯಿಂದ ಒಂದು ಕೂಗು ಕೇಳಿತು. ಮಂಡಿನೋವು, ಮೊಮ್ಮಕ್ಕಳು, ಸೊಸೆಯ ಅಡುಗೆ, ಮಾತು ಮುಗಿಯಲೇ ಇಲ್ಲ. ಕೀರ್ತಿರಾಜ್ ಚೊಂಬು ತೆಗೆದುಕೊಂಡು ಗಿಡಗಳತ್ತ ನಡೆದ. ಹಿಂದಿನಿಂದ ಅವ್ವನ ದನಿ ಕೇಳಿಸಿತು: "ಊ ಕಣಕ್ಕ, ಭಾನುವಾರ ಬತ್ತೀವಿ. ನನ್ ಮಗಾನೇ ಕರ್ಕೊಂಡ್ ಬತ್ತಾನೆ."

ಅವನನ್ನು ಅವಳು ಕೇಳಿಯೇ ಇರಲಿಲ್ಲ.