ಫ್ಯಾನ್ ಆರಿಸಿದ ಮನೆ

ಚಾವಣಿಯ ಫ್ಯಾನಿಗೆ ಮೂರು ರೆಕ್ಕೆ, ಒಂದರ ಅಂಚಿನಲ್ಲಿ ಧೂಳು ಹೆಪ್ಪುಗಟ್ಟಿದೆ, ನಾನು ಕೆಲಸದಲ್ಲಿದ್ದಾಗ ಈ ವಾರ್ಡು ಹೀಗಿರಲಿಲ್ಲ — ಎಡಗಣ್ಣಿಗೆ ಕಾಣುವುದು ಅದೊಂದೇ, ಬಲಗಣ್ಣಿಗೆ ಪಟ್ಟಿ, ನಾಳೆ ಬೆಳಗಿನವರೆಗೆ ಅಂಗಾತ ಬಿದ್ದಿರಬೇಕು, ಕಣ್ಣೊಳಗೆ ಬಿಟ್ಟ ಗಾಳಿಗುಳ್ಳೆ ಮೇಲೇರಿ ಹೊಸ ಪದರವನ್ನು ಒತ್ತಿ ಹಿಡಿಯಬೇಕು, ಪದರ ಜಾರಿದರೆ ಮತ್ತೆ ಇನ್ನೊಬ್ಬರ ಸಾವಿಗೆ ಕಾಯಬೇಕು. ಹೊರಳಬೇಡಿ ಸಿಸ್ಟರ್, ಅಂದಳು ಡಾಕ್ಟರಮ್ಮ, ನನ್ನ ಕಣ್ಣೆದುರೇ ಕೆಲಸ ಕಲಿತವಳು, ಹೊಲಿಗೆ ಗಂಟು ಹೂಳೋದು ನೀವೇ ತೋರಿಸಿದ್ದು, ಈಗ ಗಂಟೂ ಇಲ್ಲ ಹೊಲಿಗೇನೂ ಇಲ್ಲ ನೋಡಿ ಅಂತ ನಕ್ಕಳು. ಹೌದು, ಆಗ ಸತ್ತವರ ಕಣ್ಣಿನಿಂದ ಕಾರ್ನಿಯಾದ ಇಡೀ ಬಿಲ್ಲೆಯನ್ನೇ ಕತ್ತರಿಸಿ ಕೂರಿಸಿ ಸುತ್ತ ಹದಿನಾರು ಹೊಲಿಗೆ, ಕೂದಲಿಗಿಂತ ಸಪೂರ ದಾರ, ಬರುತ್ತಿದ್ದವರು ಕಣ್ಣಿಗೆ ಕಡ್ಡಿ ಚುಚ್ಚಿಸಿಕೊಂಡವರು, ಸುಣ್ಣ ಸಿಡಿದವರು, ಹುಣ್ಣು ಮಾಗಿ ಬಿಳಿ ಕಲೆ ಉಳಿದವರು. ಈಗ ನನ್ನಂಥ ಮುದುಕಿಯರು, ಪೊರೆ ತೆಗೆಸಿದ ಮೇಲೆ ಕಣ್ಣು ಊದಿ ಮಬ್ಬಾದವರು, ನಮಗೆ ಒಳಪದರವೊಂದು ಸಾಕಂತೆ, ಈರುಳ್ಳಿಯ ಒಳಪೊರೆಗಿಂತ ತೆಳು, ತಲೆಕೆಳಗಾಗಿ ಕೂರದಿರಲಿ ಅಂತ ಅದರ ಮೇಲೊಂದು ಅಕ್ಷರದ ಗುರುತು. ಯಾರ ಕಣ್ಣು ಅಂತ ಕೇಳಬಾರದು, ಹಾಗೆ ಹೇಳುತ್ತಿದ್ದವಳೂ ನಾನೇ.

ನೇತ್ರ ಬ್ಯಾಂಕಿನಿಂದ ಸಾವಾದ ಮನೆಗೆ ಫೋನು ಮಾಡುತ್ತಿದ್ದೆ, ಮೊದಲು ಫ್ಯಾನ್ ಆರಿಸಿ, ಕಣ್ಣು ಒಣಗಬಾರದು, ರೆಪ್ಪೆ ಮುಚ್ಚಿ ಒದ್ದೆ ಹತ್ತಿ ಇಡಿ, ಸಾವಾಗಿ ಆರು ಗಂಟೆಯೊಳಗೆ ಕಣ್ಣು ತೆಗೀಬೇಕು, ಬರ್ತೀವಿ — ಎಷ್ಟು ಸಲ ಹೇಳಿದೆನೆಂದರೆ ಜೊತೆಯವರೆಲ್ಲ ನನ್ನನ್ನು ಫ್ಯಾನಕ್ಕ ಅಂತಲೇ ಕರೆಯುತ್ತಿದ್ದರು. ಫ್ಯಾನಕ್ಕನ ಗಂಡ ಸ್ನಾನ ಮಾಡಿ ಬಂದು ಮಂಚದ ಮೇಲೆ ಒರಗಿದವರು ಏಳಲಿಲ್ಲ. ಕಣ್ಣು ಕೊಡುವ ಚೀಟಿಗೆ ಅವರೇ ಸಹಿ ಹಾಕಿದ್ದರು. ಎದ್ದೆ, ಸ್ವಿಚ್ಚಿನ ಮೇಲೆ ಬೆರಳಿಟ್ಟೆ, ಸೆಖೆ ತಡೆಯದ ಮನುಷ್ಯ, ಚಳಿಗಾಲದಲ್ಲಿ ಆರಿಸಿದರೂ ಏನೇ, ನನ್ನ ಬೇಯಿಸ್ಬೇಕು ಅಂತಿದ್ದೀಯಾ ಅನ್ನುವವರು, ಹಣೆಯ ಮೇಲೆ ಒದ್ದೆ ಕೂದಲು ಒಣಗಿ ಗಾಳಿಗೆ ಹಾರುತ್ತಿತ್ತು, ಅದು ನಿಂತುಬಿಟ್ಟರೆ — ಬೆರಳು ತೆಗೆದೆ, ಬಂದು ಕೂತೆ, ಯಾರಿಗೂ ಫೋನು ಮಾಡದೆ ಕೂದಲು ನೋಡುತ್ತಾ ಏಳು ಗಂಟೆ ಕಳೆದೆ. ಕಣ್ಣಿಗೆ ಕಾಯುವವರ ಪಟ್ಟಿಯಲ್ಲಿ ಮೊದಲನೆಯವನು ಒಬ್ಬ ದರ್ಜಿ, ಪ್ರತಿ ಸೋಮವಾರ ಬರುತ್ತಿದ್ದ, ಅಕ್ಕಾ, ನನ್ನ ಸರದಿ ಬಂತಾ? ಆಮೇಲಿನ ಸೋಮವಾರವೂ ಕೇಳಿದ, ಇಲ್ಲಪ್ಪ ಅಂದೆ. ಫ್ಯಾನ್ ಆರಿಸೋದು, ಫೋನು ಮಾಡೋದು ಮರೆತೇಬಿಟ್ಟೆ ಅಂದೆ ಜೊತೆಯವರಿಗೆ, ದುಃಖದಲ್ಲಿ ಆಗುತ್ತೆ ಬಿಡಿ ಅಂದರು. ಮರೆತಿರಲಿಲ್ಲ. ಇಷ್ಟು ವರ್ಷ ಯಾರಿಗೂ ಹೇಳಿಲ್ಲ, ಹೇಳೋಣವೆಂದರೆ ಈಗ ಮನೆಯಲ್ಲಿ ಯಾರಿದ್ದಾರೆ.

ಅಜ್ಜಿ, ಬೆವರ್ತಿದ್ದೀರಲ್ಲ, ಫ್ಯಾನ್ ಹಾಕ್ಲಾ — ಹೊಸ ನರ್ಸು, ನನ್ನ ಗುರುತಿಲ್ಲ ಇವಳಿಗೆ, ಬೇಡಮ್ಮ, ಬೇಡ ಅನ್ನುವಷ್ಟರಲ್ಲಿ ಸ್ವಿಚ್ಚು ಟಕ್ಕೆಂದಿತು. ಈ ಪದರ ಬಂದದ್ದು ಯಾವ ಮನೆಯಿಂದಲೋ, ಮೊನ್ನೆ ಅಲ್ಲಿ ಯಾರೋ ಎದ್ದು ಹೋಗಿ ಫ್ಯಾನ್ ಆರಿಸಿದ್ದಾರೆ, ಅವರೂ ಸ್ವಿಚ್ಚಿನ ಮೇಲೆ ಬೆರಳಿಟ್ಟು ನಿಂತಿರಬೇಕು, ಆದರೂ ಆರಿಸಿದ್ದಾರೆ, ಅದಕ್ಕೇ ನನಗೆ ನಾಳೆ ಕಾಣುತ್ತದೆ, ಕಂಡರೆ ಏನು ನೋಡಲಿ, ರೆಕ್ಕೆ ತಿರುಗುತ್ತಿದೆ, ಧೂಳಿನ ಅಂಚು ಕಾಣುತ್ತಿಲ್ಲ, ಗಾಳಿ ಮುಖಕ್ಕೆ ಬಂತು, ಹಣೆಯ ಮೇಲೆ ಕೂದಲು ಹಾರುತ್ತಿದೆ, ಅವರದು, ಹಾರುತ್ತಲೇ ಇದೆ